ಮಯ್ಯತ್ ಕೆಲಸ ಕಲಿಸಲು ವಿಆರ್ ಹೆಡ್‌ಸೆಟ್: ಎಲ್ಲಿವರೆಗೆ ಸರಿ, ಎಲ್ಲಿ ಸಾಲದು?

ಯುವಕೂಟದವ:
ಅಸ್ಸಲಾಮು ಅಲೈಕುಂ ಎಲ್ಲರಿಗೂ. ನಮ್ಮ ಯುವಕರ ಗುಂಪಿನಲ್ಲಿ ಒಂದು ಯೋಚನೆ ಓಡುತ್ತಿದೆ. 15ರಿಂದ 25 ವಯಸ್ಸಿನ ಹುಡುಗ ಹುಡುಗಿಯರಿಗೆ ಮಯ್ಯತ್ (ಮೃತದೇಹ) ಕೆಲಸ, ಅಂದರೆ ಗುಸುಲ್ (ತೊಳೆಯುವುದು), ಕಫನ್ (ಬಿಳಿ ಬಟ್ಟೆ ಸುತ್ತುವುದು), ಜನಾಝಾ ನಮಾಝ್ (ಮೃತರಿಗಾಗಿ ಮಾಡುವ ನಮಾಝ್), ದಫನ್ (ಹೂಳುವುದು) ನಾಲ್ಕನ್ನೂ ಕಲಿಸಬೇಕು, ಅದಕ್ಕೆ ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಬೇರೆ ಜಾಗದೊಳಗೆ ನಿಂತ ಹಾಗೆ ಕಾಣಿಸುವ ಸಾಧನ) ಬಳಸಬೇಕು ಅಂತ. ಇದು ಫರ್ಝ್ ಕಿಫಾಯಾ ಅಂತ ಎಲ್ಲರಿಗೂ ಗೊತ್ತು. ಕೆಲವರು ಮಾಡಿದರೆ ಉಳಿದವರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಗುನಾಹ್ (ಪಾಪ) ಎಲ್ಲರ ಮೇಲೆ. ಆದರೆ ಆ 'ಕೆಲವರು' ವರ್ಷ ವರ್ಷ ಕಡಿಮೆ ಆಗುತ್ತಿದ್ದಾರೆ. ಮನೆಯಲ್ಲಿ ಸಾವಾದಾಗ ಒಳಗೆ ನಾಲ್ಕು ಜನ ಹಿರಿಯರು, ಹೊರಗೆ ಫೋನ್ ಹಿಡಿದು ನಿಂತ ನಲವತ್ತು ಜನ ಹುಡುಗರು. ಒಳಗಿರುವ ನಾಲ್ವರ ಕಾಲ ಮುಗಿದರೆ ಮುಂದೆ?

ನನ್ನ ಪ್ರಶ್ನೆ ಇಷ್ಟೇ. ಧರ್ಮದ ಕಡೆಯಿಂದ ಇದಕ್ಕೆ ಅಡ್ಡಿ ಇದೆಯಾ? ಮಕ್ಕಳು ಹೆದರುತ್ತಾರಾ? ನಿಜಕ್ಕೂ ಕಲಿಯುತ್ತಾರಾ, ಇಲ್ಲ ಸುಮ್ನೆ ಹೊಸ ಆಟಿಕೆ ಅಂತ ಖುಷಿಪಟ್ಟು ಮರೆಯುತ್ತಾರಾ?

ಅನುಮಾನದವ:
ವ ಅಲೈಕುಂ ಅಸ್ಸಲಾಂ. ಮೊದಲೇ ಹೇಳಿಬಿಡುತ್ತೇನೆ, ನನಗೆ ಇದು ಹಿಡಿಸಲಿಲ್ಲ. ಒಂದು ಮೇಜು, ಮೂರು ತುಂಡು ಬಿಳಿ ಬಟ್ಟೆ, ತಿಳಿದ ಒಬ್ಬರು ಉಸ್ತಾದ್, ಒಂದು ಮಧ್ಯಾಹ್ನ. ಇಷ್ಟಿದ್ದರೆ ಕಫನ್ ಕಲಿಸಬಹುದು. ಹೆಡ್‌ಸೆಟ್‌ಗೆ ಚಾರ್ಜ್ ಬೇಕು, ಅಪ್‌ಡೇಟ್ ಬೇಕು, ಬ್ಯಾಟರಿ ಎರಡು ಗಂಟೆಗೆ ಕೈಕೊಡುತ್ತದೆ. ಬಟ್ಟೆಗೆ ಇದ್ಯಾವುದೂ ಬೇಡ. ಸಾವನ್ನು ಗೇಮ್ ಥರ ತೋರಿಸಿದರೆ ಹುಡುಗರ ಮನಸ್ಸಿನಲ್ಲಿ ಅದರ ತೂಕವೇ ಹೋಗುತ್ತದೆ.

ಪಿಕ್ಸೆಲ್ ಪಯಣಿಗ:
ನಾನು ವಿಆರ್ ಕೆಲಸ ಮಾಡುವವನು, ಹಾಗಾಗಿ ತಾಂತ್ರಿಕ ವಿಷಯ ನಾನು ಹೇಳುತ್ತೇನೆ. 'ವಿಆರ್' ಅಂತ ಎಲ್ಲರೂ ಕರೆಯುವುದರಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು 360 ಡಿಗ್ರಿ ವಿಡಿಯೋ. ನೀವು ಕೋಣೆಯ ಮಧ್ಯೆ ನಿಂತ ಹಾಗೆ ಸುತ್ತಲೂ ನೋಡಬಹುದು, ಆದರೆ ಏನನ್ನೂ ಮುಟ್ಟಲು ಆಗದು. ಇನ್ನೊಂದು, ಕಂಪ್ಯೂಟರ್‌ನಲ್ಲಿ ಕಟ್ಟಿದ ಕೋಣೆ. ಅದರಲ್ಲಿ ನಿಮ್ಮ ಕೈಯೇ ಕಾಣುತ್ತದೆ, ಚೊಂಬು ಎತ್ತಬಹುದು, ಬಟ್ಟೆ ಮಡಚಬಹುದು, ತಪ್ಪಿದರೆ ಅದು ತಿಳಿಸುತ್ತದೆ. ಮೊದಲನೆಯದು ಮಾಡುವುದು ಸುಲಭ. ಕಲಿಕೆ ಆಗುವುದು ಎರಡನೆಯದರಲ್ಲಿ.

ಜನಾಝಾ ನಮಾಝ್‌ಗೆ ಮಾತ್ರ ಎರಡೂ ಬೇಡ ಅನ್ನಿಸುತ್ತದೆ. ನಾಲ್ಕು ತಕ್ಬೀರ್ ('ಅಲ್ಲಾಹು ಅಕ್ಬರ್' ಅನ್ನುವುದು), ರುಕೂ (ಬಾಗುವುದು) ಇಲ್ಲ, ಸಜ್ದಾ (ಹಣೆ ನೆಲಕ್ಕೆ ಇಡುವುದು) ಇಲ್ಲ, ನಿಂತೇ ಮುಗಿಯುತ್ತದೆ. ಫೋನಿನಲ್ಲಿ ಒಂದು ಸಾದಾ ವಿಡಿಯೋ ಸಾಕು, ಆಮೇಲೆ ಸಾಲಿನಲ್ಲಿ ನಿಂತು ಅಭ್ಯಾಸ. ಎಲ್ಲದಕ್ಕೂ ಹೆಡ್‌ಸೆಟ್ ಹಾಕಿಸುವುದು ಬೇಡ.

ತಲೆಸುತ್ತಿನ ಬಗ್ಗೆ: ಕಣ್ಣು 'ನಡೀತಾ ಇದ್ದೇನೆ' ಅನ್ನುತ್ತದೆ, ಕಿವಿಯೊಳಗಿನ ಸಮತೋಲನದ ಭಾಗ 'ಇಲ್ಲ, ನಿಂತಿದ್ದೇನೆ' ಅನ್ನುತ್ತದೆ. ಈ ಜಗಳಕ್ಕೇ ಹೊಟ್ಟೆ ತೊಳಸುವುದು. ಗುಸುಲ್ ಪಾಠದಲ್ಲಿ ಕಲಿಯುವವನು ಒಂದೇ ಮೇಜಿನ ಪಕ್ಕ ನಿಂತಿರುತ್ತಾನೆ, ಹಾಗಾಗಿ ಈ ತೊಂದರೆ ಕಡಿಮೆ. ವಯಸ್ಸಿನ ವಿಷಯಕ್ಕೆ ಬಂದರೆ, ಮೆಟಾ ಕಂಪನಿ 2023ರಲ್ಲಿ ಹೆಡ್‌ಸೆಟ್ ಬಳಸುವ ಕನಿಷ್ಠ ವಯಸ್ಸನ್ನು 13ರಿಂದ 10ಕ್ಕೆ ಇಳಿಸಿತು, ಆದರೆ 10ರಿಂದ 12ರವರ ಖಾತೆ ಹೆತ್ತವರ ಕೈಯಲ್ಲಿರಬೇಕು. ನೀವು ಹೇಳಿದ ವಯಸ್ಸಿನವರಿಗೆ ಅಡ್ಡಿ ಇಲ್ಲ.

ಹಳೇಕೈ:
ಬಹಳ ವರ್ಷದಿಂದ ಮಯ್ಯತ್ ತೊಳೆಯುತ್ತಿರುವವನು ನಾನು. ಹೆಡ್‌ಸೆಟ್ ಗೊತ್ತಿಲ್ಲ, ಕೆಲಸ ಗೊತ್ತು. ಹೊಸಬರು ತಡವರಿಸುವುದು ಎಲ್ಲಿ ಅಂತ ಹೇಳುತ್ತೇನೆ, ನಿಮ್ಮ ಯಂತ್ರ ಅದನ್ನು ಕಲಿಸುತ್ತದಾ ನೀವೇ ನೋಡಿ.

ಕ್ರಮ ಕಷ್ಟವಲ್ಲ. ಇಸ್ತಿಂಜಾ (ಮಲಮೂತ್ರದ ಭಾಗ ತೊಳೆಯುವುದು), ಆಮೇಲೆ ವುಝೂ (ನಮಾಝ್‌ಗೆ ಮೊದಲಿನ ಹಾಗೆ ಕೈ, ಮುಖ, ಕಾಲು ತೊಳೆಯುವುದು), ತಲೆ, ಗಡ್ಡ ಇದ್ದರೆ ಗಡ್ಡ, ನಂತರ ಎಡಕ್ಕೆ ಹೊರಳಿಸಿ ಬಲಭಾಗ, ಬಲಕ್ಕೆ ಹೊರಳಿಸಿ ಎಡಭಾಗ, ಸ್ವಲ್ಪ ಎತ್ತಿ ಕೂರಿಸಿ ಹೊಟ್ಟೆಯನ್ನು ಮೆಲ್ಲಗೆ ಒತ್ತುವುದು, ಏನಾದರೂ ಬಂದರೆ ಅಷ್ಟನ್ನು ತೊಳೆಯುವುದು. ಇದನ್ನು ಎರಡು ಸಲ ನೋಡಿದರೆ ಬರುತ್ತದೆ. ಕಷ್ಟ ಇರುವುದು ಹೊರಳಿಸುವುದರಲ್ಲಿ. ಉಸಿರಿಲ್ಲದ ದೇಹ ನಮಗೆ ಸಹಾಯ ಮಾಡುವುದಿಲ್ಲ. ಮಲಗಿದ ರೋಗಿಯನ್ನು ಹೊರಳಿಸಿದರೆ ಅವನೂ ಸ್ವಲ್ಪ ವಾಲುತ್ತಾನೆ. ಇಲ್ಲಿ ತಲೆ ಒಂದು ಕಡೆ, ಕೈ ಒಂದು ಕಡೆ. ಒಬ್ಬರು ಹೆಗಲು, ಒಬ್ಬರು ಸೊಂಟ ಹಿಡಿದು ಒಟ್ಟಿಗೆ ತಿರುಗಿಸಬೇಕು, ಇನ್ನೊಬ್ಬರು ನೀರು ಹಾಕಬೇಕು. ಹೊತ್ತು ಕಳೆದ ಹಾಗೆ ಮೈ ಸೆಡೆಯುತ್ತದೆ, ಮೊದಲು ದವಡೆ, ಕತ್ತು, ಆಮೇಲೆ ಕೈಕಾಲು. ಅದಕ್ಕೇ ಉಸಿರು ನಿಂತ ತಕ್ಷಣ ಕಣ್ಣು ಮುಚ್ಚುವುದು, ದವಡೆಯ ಕೆಳಗಿಂದ ನೆತ್ತಿಗೆ ಬಟ್ಟೆ ಕಟ್ಟುವುದು, ಕೈಕಾಲು ನೇರ ಮಾಡುವುದು. ಪ್ರವಾದಿಯವರ ಸಂಗಾತಿ ಅಬೂ ಸಲಮಾ ತೀರಿಕೊಂಡಾಗ ಅವರ ಕಣ್ಣನ್ನು ಪ್ರವಾದಿಯವರೇ ಮುಚ್ಚಿದರು ಅಂತ ಹದೀಸ್‌ನಲ್ಲಿದೆ.

ಇನ್ನೊಂದು ಪಾಠ ಬಟ್ಟೆಯದು. ಹೊಕ್ಕುಳಿಂದ ಮೊಣಕಾಲಿನವರೆಗೆ ಮುಚ್ಚಿಯೇ ತೊಳೆಯಬೇಕು. ಹೊಸಬರು ತೆಳ್ಳಗಿನ ಬಟ್ಟೆ ಹಾಕುತ್ತಾರೆ. ನೀರು ಬಿದ್ದ ಕೂಡಲೇ ಅದು ಮೈಗೆ ಅಂಟಿ ಒಳಗಿನದೆಲ್ಲ ಎದ್ದು ಕಾಣುತ್ತದೆ, ಮುಚ್ಚಿಯೂ ಮುಚ್ಚದ ಹಾಗೆ. ದಪ್ಪ, ಗಾಢ ಬಣ್ಣದ ಬಟ್ಟೆ ಬೇಕು. ತೊಳೆದಾದ ಮೇಲೆ ಒಣ ಬಟ್ಟೆಯನ್ನು ಮೇಲೆ ಹೊದಿಸಿ, ಅದರಡಿಯಿಂದ ಒದ್ದೆಯನ್ನು ಎಳೆಯಬೇಕು. ಮೇಲಿನದು ಜರುಗಬಾರದು. ಎಡಗೈಗೆ ಬಟ್ಟೆ ಸುತ್ತಿಕೊಂಡು ಕಣ್ಣು ಹಾಯಿಸದೆ ಒಳಗೆ ತೊಳೆಯಬೇಕು. ನಿಮ್ಮ ವಿಆರ್‌ನಲ್ಲಿ ಬಟ್ಟೆ ಒದ್ದೆ ಆಗುತ್ತದಾ?

ಪಿಕ್ಸೆಲ್ ಪಯಣಿಗ:
ಪ್ರಾಮಾಣಿಕವಾಗಿ ಹೇಳುತ್ತೇನೆ, ಚೆನ್ನಾಗಿ ಆಗುವುದಿಲ್ಲ. ಒದ್ದೆ ಬಟ್ಟೆ ಮೈಗೆ ಅಂಟುವುದನ್ನು ಚಿತ್ರದಲ್ಲಿ ತೋರಿಸಬಹುದು, ಆದರೆ ಅದನ್ನು ಎಳೆಯುವಾಗ ಕೈಗೆ ಸಿಗುವ ಬಿಗಿ ಸಿಗದು. ತೂಕವೂ ಅಷ್ಟೇ. ಕಂಟ್ರೋಲರ್ ಜುಂ ಅಂತ ನಡುಗಬಹುದು, ಭಾರ ಕೊಡಲಾರದು. ಕಂಟ್ರೋಲರ್ ಬಿಟ್ಟು ಬರಿಗೈಯಲ್ಲಿ ಮಾಡೋಣ ಅಂದರೆ ಇನ್ನೊಂದು ತೊಡಕು. ಹೆಡ್‌ಸೆಟ್‌ನ ಕ್ಯಾಮೆರಾ ಕೈಯನ್ನು ನೋಡಿ ಗುರುತಿಸುತ್ತದೆ. ಒಂದು ಕೈ ಇನ್ನೊಂದರ ಹಿಂದೆ ಹೋದರೆ, ಬಟ್ಟೆಯ ಕೆಳಗೆ ಹೋದ ಹಾಗೆ ನಟಿಸಿದರೆ, ಅದಕ್ಕೆ ಕೈಯೇ ಕಾಣುವುದಿಲ್ಲ. ನೀವು ಹೇಳಿದ ಕೆಲಸ ಪೂರ್ತಿ ಅಂಥದ್ದೇ.

ಅನುಮಾನದವ:
ನೋಡಿ, ಯಂತ್ರ ಮಾಡುವವರೇ ಒಪ್ಪಿಕೊಂಡರು. ಇನ್ನೇನು ಉಳಿಯಿತು?

ಹದಿನೆಂಟರ ಹುಡುಗ:
ಭಯ ಉಳಿಯಿತು ಅಣ್ಣಾ. ನಿಮಗೆಲ್ಲ ಅಭ್ಯಾಸ ಆಗಿದೆ. ನನಗೆ ಆ ಬಾಗಿಲ ಒಳಗೆ ಏನು ನಡೆಯುತ್ತದೆ ಅಂತಲೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೇ ಜಾಸ್ತಿ ಹೆದರಿಕೆ. ಒಂದು ಶಿಬಿರದಲ್ಲಿ ಇಂಥ ವಿಆರ್ ಪಾಠ ಹಾಕಿಕೊಂಡು ನೋಡಿದೆ. ಮೇಜು ಸ್ವಲ್ಪ ಇಳಿಜಾರು, ನೀರು ಕಾಲಿನ ಕಡೆ ಹರಿಯುತ್ತದೆ, ಬಕೆಟ್ ಇಲ್ಲಿ, ಕರ್ಪೂರ ಅಲ್ಲಿ, ಯಾರು ಎಲ್ಲಿ ನಿಲ್ಲಬೇಕು. ಇಷ್ಟು ಗೊತ್ತಾಗಿದ್ದಕ್ಕೇ ಆಮೇಲೆ ನಮ್ಮ ಮಾವ ತೀರಿಕೊಂಡಾಗ ಒಳಗೆ ಹೋಗುವ ಧೈರ್ಯ ಬಂತು. ಏನೂ ದೊಡ್ಡ ಕೆಲಸ ಮಾಡಲಿಲ್ಲ, ನೀರು ಕೊಟ್ಟೆ ಅಷ್ಟೇ.

ಒಂದು ಮಾತ್ರ ಸಿಟ್ಟು ಬಂತು. ಪಾಠ ಮುಗಿದ ಕೂಡಲೇ ಟಣ್ ಅಂತ ಸದ್ದು, ಮಿನುಗುವ ನಕ್ಷತ್ರ, 'ಅಭಿನಂದನೆಗಳು! ನಿಮ್ಮ ಅಂಕ 85'. ಪಕ್ಕದಲ್ಲಿದ್ದವನು ನನಗೆ 90 ಅಂದ. ಮಯ್ಯತ್ ತೊಳೆದು ಸ್ಪರ್ಧೆ ಮಾಡುತ್ತಿದ್ದೇವೆ ಅನ್ನಿಸಿತು.

ಅನುಮಾನದವ:
ನಾನು ಹೇಳಿದ್ದು ಇದನ್ನೇ.

ದರ್ಸ್ ಮುಗಿಸಿದವ:
ಅಂಕದ ವಿಷಯ ಅದಬ್ (ಮರ್ಯಾದೆ) ಮಾತ್ರ ಅಲ್ಲ, ಫಿಕ್ಹ್ (ಧರ್ಮದ ನಿಯಮಶಾಸ್ತ್ರ) ಪ್ರಕಾರವೂ ತಪ್ಪು. ಇಡೀ ಮೈಗೆ ಒಂದು ಸಲ ನೀರು ತಲುಪುವುದು ಫರ್ಝ್ (ಕಡ್ಡಾಯ). ಮೂರು ಸಲ ತೊಳೆಯುವುದು, ಬಲಗಡೆಯಿಂದ ಶುರು ಮಾಡುವುದು, ಕೊನೆಯ ನೀರಿಗೆ ಕರ್ಪೂರ ಹಾಕುವುದು ಸುನ್ನತ್ (ಮಾಡಿದರೆ ಒಳ್ಳೆಯದು, ಕಡ್ಡಾಯವಲ್ಲ). ಕರ್ಪೂರ ಮರೆತವನಿಗೂ ಬೆನ್ನಿಗೆ ನೀರೇ ಹಾಕದವನಿಗೂ ಐದೈದು ಅಂಕ ಕಳೆದರೆ ಮಗು ತಪ್ಪು ಧರ್ಮ ಕಲಿಯುತ್ತದೆ. ಮೊದಲನೆಯವನ ಗುಸುಲ್ ಆಗಿದೆ, ಎರಡನೆಯವನದು ಆಗಿಯೇ ಇಲ್ಲ. ಅಂಕ ತೆಗೆದುಹಾಕಿ. 'ಬೆನ್ನಿನ ಭಾಗ ಉಳಿದಿದೆ, ಮತ್ತೆ ನೀರು ಹಾಕಿ' ಅಂತ ತಿಳಿಸಲಿ, ಫರ್ಝ್ ಪೂರ್ತಿ ಆಗುವವರೆಗೆ ಮುಂದೆ ಬಿಡಬಾರದು. ಸುನ್ನತ್ ತಪ್ಪಿದರೆ ಕೊನೆಯಲ್ಲಿ ಒಂದು ಮಾತು ನೆನಪಿಸಿದರೆ ಸಾಕು.

ನೋಡಿ ಕಲಿಯುವುದಕ್ಕೆ ಅಡ್ಡಿ ಏನಿಲ್ಲ. ಕುರ್‌ಆನ್‌ನ ಅಲ್ ಮಾಇದಾ ಸೂರಾದ (ಅಧ್ಯಾಯದ) 31ನೇ ಆಯತ್ (ವಚನ) ನೆನಪಿಸಿಕೊಳ್ಳಿ. ಆದಮರ ಮಗ ತಮ್ಮನನ್ನು ಕೊಂದ ಮೇಲೆ ಆ ದೇಹವನ್ನು ಏನು ಮಾಡಬೇಕು ಅಂತ ತಿಳಿಯದೆ ನಿಂತಿದ್ದಾಗ ಅಲ್ಲಾಹನು ಒಂದು ಕಾಗೆಯನ್ನು ಕಳಿಸಿದ, ಅದು ನೆಲ ಕೆದರಿ ತೋರಿಸಿತು. ದಫನ್ ಮಾಡುವ ಮೊದಲ ಪಾಠವೇ ಕಣ್ಣಿಗೆ ತೋರಿಸಿದ ಪಾಠ.

ಆದರೆ ಷರತ್ತುಗಳಿವೆ. ಮಯ್ಯತ್‌ನ ಆಕೃತಿಗೆ ಮುಖದ ಕಣ್ಣು, ಮೂಗು ಬೇಡ, ನಯವಾದ ಒಂದು ಗೊಂಬೆಯಾಕಾರ ಸಾಕು. ಚಿತ್ರ ಮಾಡುವ ಬಗ್ಗೆ ಇರುವ ಭಿನ್ನಾಭಿಪ್ರಾಯವೂ ಅಲ್ಲಿಗೆ ಸುಮಾರು ತಣ್ಣಗಾಗುತ್ತದೆ. ಸೊಂಟದ ಬಟ್ಟೆ ತೆಗೆಯುವ ಆಯ್ಕೆಯೇ ಪ್ರೋಗ್ರಾಂನಲ್ಲಿ ಇರಬಾರದು. ಗಂಡಿನ ಪಾಠ ಬೇರೆ, ಹೆಣ್ಣಿನ ಪಾಠ ಬೇರೆ. ಶುರುವಿನಲ್ಲೇ ಮಝ್‌ಹಬ್ (ಹನಫಿ, ಶಾಫಿಈ ಥರದ ಫಿಕ್ಹ್ ಪಂಥ) ಕೇಳಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹನಫಿಗಳಲ್ಲಿ ಗಂಡಸಿನ ಕಫನ್‌ಗೆ ಇಝಾರ್ (ಹೊದಿಕೆ), ಖಮೀಸ್ (ಅಂಗಿ), ಲಿಫಾಫಾ (ಎಲ್ಲದರ ಮೇಲೆ ಸುತ್ತುವ ಬಟ್ಟೆ). ಶಾಫಿಈಗಳಲ್ಲಿ ಇಡೀ ಮೈ ಸುತ್ತುವ ಮೂರು ಲಿಫಾಫಾ. ಜನಾಝಾದಲ್ಲಿ ಮೊದಲ ತಕ್ಬೀರ್ ಆದ ಮೇಲೆ ಶಾಫಿಈಗಳು ಫಾತಿಹಾ (ಕುರ್‌ಆನ್‌ನ ಮೊದಲ ಸೂರಾ) ಓದುತ್ತಾರೆ, ಹನಫಿಗಳು ಸನಾ (ಅಲ್ಲಾಹನ ಸ್ತುತಿ). ಖಬರ್‌ಗೆ (ಗೋರಿಗೆ) ಇಳಿಸುವಾಗ ಹನಫಿಗಳು ಕಿಬ್ಲಾ (ಮೆಕ್ಕಾದ ಕಾಬಾದ ದಿಕ್ಕು) ಕಡೆಯಿಂದ, ಶಾಫಿಈಗಳು ಕಾಲಿನ ಕಡೆಯಿಂದ. ಒಂದನ್ನೇ ಹಾಕಿ 'ಇದೇ ಇಸ್ಲಾಂ' ಅಂದರೆ ಹುಡುಗ ನಾಳೆ ಮಸೀದಿಯಲ್ಲಿ ಹಿರಿಯರ ಜೊತೆ ಜಗಳಕ್ಕೆ ನಿಲ್ಲುತ್ತಾನೆ.

ನೀಲಿಹಕ್ಕಿ:
ಇಷ್ಟು ಹೊತ್ತು ಎಲ್ಲರೂ 'ಹುಡುಗ, ಹುಡುಗ' ಅಂತಲೇ ಹೇಳಿದ್ದೀರಿ, ಗಮನಿಸಿದಿರಾ? ಹೆಣ್ಣು ಮಯ್ಯತ್ ತೊಳೆಯುವವರು ಇನ್ನೂ ಕಡಿಮೆ. ನಾನು ನರ್ಸ್, ಜೊತೆಗೆ ಈ ಕೆಲಸವನ್ನೂ ಮಾಡುತ್ತೇನೆ. ಹುಡುಗಿಯರಿಗೆ ನೋಡಿ ಕಲಿಯುವ ಅವಕಾಶವೇ ಸಿಗುವುದಿಲ್ಲ. ಆಪ್ ಮಾಡುವವರು ಗಂಡಸಿನ ಪಾಠ ತಯಾರಿಸಿ ಅದನ್ನೇ ನಕಲು ಮಾಡಿ 'ಮಹಿಳೆ' ಅಂತ ಹೆಸರು ಹಚ್ಚುತ್ತಾರೆ. ಹೆಣ್ಣಿನ ಕಫನ್ ಐದು ತುಂಡು. ತಲೆಗೆ ಓಢನಿ, ಎದೆಗೆ ಕಟ್ಟುವ ಬಟ್ಟೆ, ಇವನ್ನು ಯಾವುದರ ಮೇಲೆ ಯಾವುದು ಅಂತ ಹಾಸಿಕೊಳ್ಳುವುದೇ ತಲೆನೋವು. ಮೊದಲು ಹಾಸಿದ್ದು ಕೊನೆಗೆ ಸುತ್ತುವುದು, ಅಂದರೆ ತಲೆಯಲ್ಲಿ ಹಿಂದುಮುಂದಾಗಿ ಲೆಕ್ಕ ಹಾಕಬೇಕು. ಇದಕ್ಕೆ ವಿಆರ್ ನಿಜಕ್ಕೂ ಉಪಯೋಗ. ತಪ್ಪಾಗಿ ಹಾಸಿದರೆ ಬಿಚ್ಚಿ ಮತ್ತೆ ಹಾಸು, ಯಾರೂ ಕಾಯುತ್ತಿಲ್ಲ, ಯಾರೂ ಅಳುತ್ತಿಲ್ಲ.

ಹೆಂಗಸರ ಕಲಿಕೆ ಹೊಸದು ಅಂತ ಯಾರೂ ಹೇಳಬೇಡಿ. ಪ್ರವಾದಿಯವರ ಮಗಳು ತೀರಿಕೊಂಡಾಗ ತೊಳೆದವರಲ್ಲಿ ಉಮ್ಮು ಅತಿಯ್ಯಾ ಇದ್ದರು. ಮೂರು ಸಲ, ಐದು ಸಲ, ಬೇಕಾದರೆ ಅದಕ್ಕಿಂತ ಜಾಸ್ತಿ, ನೀರು ಮತ್ತು ಸಿದ್ರ್ (ಬೋರೆ ಜಾತಿಯ ಮರ) ಎಲೆ, ಕೊನೆಯಲ್ಲಿ ಕರ್ಪೂರ, ಬಲದಿಂದ ಶುರು, ಈ ಮಾತೆಲ್ಲ ನಮಗೆ ಬಂದಿರುವುದು ಅವರಿಂದ. ಕೂದಲನ್ನು ಮೂರು ಜಡೆ ಹಾಕಿದೆವು ಅಂದವರೂ ಅವರೇ. ಇರಾಕ್‌ನ ಬಸ್ರಾದ ಆಲಿಮರು (ವಿದ್ವಾಂಸರು) ಮಯ್ಯತ್ ತೊಳೆಯುವುದನ್ನು ಅವರಿಂದಲೇ ಕಲಿತರು. ಗಂಡಸರಿಗೇ ಪಾಠ ಹೇಳಿದ ಹೆಂಗಸು.

ದರ್ಸ್ ಮುಗಿಸಿದವ:
ಸರಿಯಾಗಿ ಹೇಳಿದಿರಿ. ಒಂದು ಮಾತು ಸೇರಿಸುತ್ತೇನೆ: ಆ ಜಡೆಗಳನ್ನು ಎಲ್ಲಿ ಇಡಬೇಕು ಅನ್ನುವುದರಲ್ಲೂ ಮಝ್‌ಹಬ್ ಬೇರೆ. ಶಾಫಿಈಗಳು ಬೆನ್ನ ಹಿಂದೆ, ಹನಫಿಗಳು ಎರಡು ಭಾಗ ಮಾಡಿ ಎದೆಯ ಮೇಲೆ. ಹೆಣ್ಣಿನ ಪಾಠವನ್ನು ತಿಳಿದ ಹೆಂಗಸರೇ ಕೂತು ಪರಿಶೀಲಿಸಲಿ.

ಅನುಮಾನದವ:
ನೀಲಿಹಕ್ಕಿಯವರ ಕಫನ್ ಮಾತು ಒಪ್ಪುತ್ತೇನೆ, ಆದರೂ ಬಟ್ಟೆಯೇ ಹಾಸಿ ಕಲಿಸಬಹುದಿತ್ತು ಅನ್ನುವುದನ್ನು ಬಿಡುವುದಿಲ್ಲ. ನನ್ನ ದೊಡ್ಡ ಭಯ ಬೇರೆ. 2020ರಲ್ಲಿ ದಕ್ಷಿಣ ಕೊರಿಯಾದ ಟಿವಿಯಲ್ಲಿ, ತೀರಿಕೊಂಡ ಪುಟ್ಟ ಮಗಳನ್ನು ವಿಆರ್‌ನಲ್ಲಿ ಮರಳಿ ಸೃಷ್ಟಿಸಿ ತಾಯಿಯ ಮುಂದೆ ನಿಲ್ಲಿಸಿದರು. ತಾಯಿ ಗಾಳಿಯಲ್ಲಿ ಕೈಚಾಚಿ ಅಳುತ್ತಿದ್ದಳು. ಇವತ್ತು ಮುಖವಿಲ್ಲದ ಗೊಂಬೆ ಅನ್ನುತ್ತೀರಿ. ನಾಳೆ ಯಾರೋ 'ಜಾಸ್ತಿ ನಿಜ ಅನ್ನಿಸಲಿ' ಅಂತ ಅವರ ಅಜ್ಜನ ಫೋಟೋ ಹಾಕಿ ತೊಳೆಯಿರಿ ಅಂದರೆ?

ಪಿಕ್ಸೆಲ್ ಪಯಣಿಗ:
ಅದು ನನಗೂ ಬೇಡ. ಫೋಟೋ ಹಾಕುವ ಸೌಲಭ್ಯವನ್ನೇ ಇಡಬಾರದು. ನಿಜದ ಹಾಗೆ ಕಾಣಬೇಕಾದ್ದು ಕೋಣೆ, ನೀರು, ಬಟ್ಟೆ. ಮಯ್ಯತ್ ಅಲ್ಲ.

ನೀಲಿಹಕ್ಕಿ:
ಇದರ ಜೊತೆ ಇನ್ನೊಂದು. ಪಾಠಕ್ಕೆ ಮೊದಲು ಪ್ರತಿಯೊಬ್ಬರನ್ನೂ ಪಕ್ಕಕ್ಕೆ ಕರೆದು ಕೇಳಿ, ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡಿದ್ದಾರಾ ಅಂತ. ಎಲ್ಲರ ಮುಂದೆ ಕೇಳಬೇಡಿ. ಇದ್ದರೆ ಈಗ ಬೇಡ, ಮುಂದಿನ ಸಲ ಬಾ ಅನ್ನಿ. ಹೆಡ್‌ಸೆಟ್ ಹಾಕಿದವರಿಗೆ ಹೊರಗಿನದು ಕಾಣುವುದಿಲ್ಲ, ಅಳು ಬಂದರೆ ಕಣ್ಣು ಒರೆಸಿಕೊಳ್ಳಲೂ ಆಗುವುದಿಲ್ಲ. ಒಂದೇ ಗುಂಡಿ ಒತ್ತಿದರೆ ಕೋಣೆ ಮಾಯವಾಗಿ ಹೊರಗಿನದು ಕಾಣುವ ಹಾಗೆ ಮಾಡಿ. ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು.

ಯುವಕೂಟದವ:
ಎಲ್ಲರಿಗೂ ಜಝಾಕಲ್ಲಾಹ್. ಇಷ್ಟು ಓದಿದ ಮೇಲೆ ನನಗೆ ತೋಚಿದ್ದು: ಹೆಡ್‌ಸೆಟ್ ಮೊದಲ ಮೆಟ್ಟಿಲು ಮಾತ್ರ. ಕ್ರಮ, ಜಾಗ, ಯಾರು ಎಲ್ಲಿ ನಿಲ್ಲಬೇಕು, ಕಫನ್ ಹಾಸುವುದು, ಇಷ್ಟು ಅದರಲ್ಲಿ. ಆಮೇಲೆ ನಿಜವಾದ ಬಟ್ಟೆ, ಭಾರ ಇರುವ ಗೊಂಬೆ, ನಿಜವಾದ ನೀರು, ಹಳೇಕೈ ಥರದವರ ಕೈಯಲ್ಲಿ. ಆಮೇಲೆ ನಿಜವಾದ ಗುಸುಲ್‌ನಲ್ಲಿ ಮನೆಯವರ ಒಪ್ಪಿಗೆ ಪಡೆದು ನೀರು ಕೊಡುವ ಕೆಲಸ. ವಿಆರ್ ಮುಗಿಸಿದ್ದಕ್ಕೆ ಸರ್ಟಿಫಿಕೇಟ್ ಕೊಡುವುದಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿದೆ. ನಮ್ಮಲ್ಲಿ ಕೆಲವರು, ದಫನ್ ಪಾಠದಲ್ಲಿ ಖಬರ್ ಒಳಗಿನಿಂದ ನೋಡುವ ದೃಶ್ಯ ಬೇಕು, ಮೇಲಿನಿಂದ ಮಣ್ಣು ಬೀಳುವ ಹಾಗೆ, ಆಗ ಹುಡುಗರಿಗೆ ಆಖಿರತ್ (ಪರಲೋಕ) ನೆನಪಾಗುತ್ತದೆ ಅನ್ನುತ್ತಿದ್ದಾರೆ.

ದರ್ಸ್ ಮುಗಿಸಿದವ:
ಬೇಡವೇ ಬೇಡ. ಖಬರ್ ಒಳಗೆ ಮಯ್ಯತ್‌ಗೆ ಏನಾಗುತ್ತದೆ ಅನ್ನುವುದು ಗೈಬ್, ಮನುಷ್ಯರ ಕಣ್ಣಿಗೆ ಕಾಣದ ಸಂಗತಿ. ಅದನ್ನು ಗ್ರಾಫಿಕ್ಸ್ ಮಾಡಿ ತೋರಿಸುವ ಹಕ್ಕು ಯಾರಿಗೂ ಇಲ್ಲ. ಹೆದರಿಸುವುದೂ ಕಲಿಸುವುದೂ ಒಂದೇ ಅಲ್ಲ.

ಹಳೇಕೈ:
ಉಸ್ತಾದರ ಮಾತು ಸರಿ. ಆದರೆ ಖಬರ್ ಒಳಗೆ ಇಳಿಸುವುದನ್ನೇ ಬಿಡಬೇಡಿ. ಮಯ್ಯತ್ ಆಗಿ ಅಲ್ಲ, ಮಯ್ಯತ್ ಇಳಿಸಿಕೊಳ್ಳುವವನಾಗಿ. ಇಬ್ಬರು ಮೂವರು ಕೆಳಗೆ ನಿಂತಿರುತ್ತಾರಲ್ವಾ, ಅವರ ಕಣ್ಣಿಗೆ ಕಾಣುವುದನ್ನು ತೋರಿಸಿ. ಕೆಳಗೆ ನಿಂತಾಗ ಜಾಗ ಎಷ್ಟು ಇಕ್ಕಟ್ಟು ಅಂತ ಮೇಲೆ ನಿಂತವರಿಗೆ ತಿಳಿಯುವುದೇ ಇಲ್ಲ. ಕಾಲು ಎಲ್ಲಿ ಇಡಬೇಕು, ಅಂಚಿನ ಮಣ್ಣು ಕುಸಿಯದ ಹಾಗೆ ಮೇಲಿನವರು ಎಷ್ಟು ದೂರ ನಿಲ್ಲಬೇಕು, 'ಬಿಸ್ಮಿಲ್ಲಾಹಿ ವ ಅಲಾ ಮಿಲ್ಲತಿ ರಸೂಲಿಲ್ಲಾಹ್' ಅಂತ ಹೇಳುತ್ತಾ ಹೇಗೆ ಇಳಿಸಿಕೊಳ್ಳಬೇಕು, ಬಲ ಮಗ್ಗುಲಿಗೆ ಕಿಬ್ಲಾ ಕಡೆ ತಿರುಗಿಸಿ ಬೆನ್ನಿಗೆ ಮಣ್ಣಿನ ಆಸರೆ ಹೇಗೆ ಕೊಡಬೇಕು, ಕಫನ್‌ನ ಗಂಟು ಯಾವಾಗ ಬಿಚ್ಚಬೇಕು. ನೆಲ ಗಟ್ಟಿ ಇದ್ದರೆ ಕಿಬ್ಲಾ ಗೋಡೆಯಲ್ಲಿ ಗೂಡು ಕೊರೆದ ಲಹದ್, ಸಡಿಲ ಮಣ್ಣಾದರೆ ಮಧ್ಯೆ ತೋಡಿದ ಶಖ್. ಎರಡನ್ನೂ ಒಳಗೆ ನಿಂತು ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಇದನ್ನು ಕಲಿಸಲು ನಾನು ಯಾವ ಹುಡುಗನನ್ನೂ ಸುಮ್ನೆ ಖಬರ್‌ಗೆ ಇಳಿಸಲು ಆಗುವುದಿಲ್ಲ. ನಿಮ್ಮ ಯಂತ್ರಕ್ಕೆ ಆಗುತ್ತದೆ ಅನ್ನುವುದಾದರೆ, ನನ್ನ ಪ್ರಕಾರ ಅದರ ಅಸಲಿ ಕೆಲಸ ಇದೇ.

ಅನುಮಾನದವ:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮೇಜಿನ ಮೇಲೆ ಖಬರ್ ಹಾಸಲು ಆಗುವುದಿಲ್ಲ ನಿಜ. ದಫನ್ ಪಾಠಕ್ಕೆ ನನ್ನ ಒಪ್ಪಿಗೆ ಇದೆ, ಗುಸುಲ್‌ಗೆ ಇನ್ನೂ ಇಲ್ಲ.

ಪಿಕ್ಸೆಲ್ ಪಯಣಿಗ:
ಹಾಗಾದರೆ ದಫನ್‌ನಿಂದಲೇ ಶುರು ಮಾಡೋಣ. ಇಳಿದ ಹಾಗೆ ಚಲಿಸುವುದು ಬೇಡ, ತಲೆಸುತ್ತು ಬರುತ್ತದೆ. ಕಣ್ಣು ಮುಚ್ಚಿ ತೆರೆದರೆ ಕೆಳಗೆ ನಿಂತಿರುವ ಹಾಗೆ ಮಾಡುತ್ತೇನೆ. ಹಳೇಕೈಯವರು ಆಳ, ಅಗಲದ ಅಳತೆ ಕೊಟ್ಟರೆ ಸಾಕು.

ಹಳೇಕೈ:
ಕೊಡುತ್ತೇನೆ. ಟೇಪು ಹಿಡಿದು ಬನ್ನಿ, ಒಟ್ಟಿಗೆ ಅಳೆಯೋಣ.

ನೀಲಿಹಕ್ಕಿ:
ಹೆಣ್ಣಿನ ಕಫನ್ ಮರೆಯಬೇಡಿ, ಅದು ಎರಡನೆಯದು. ಮತ್ತೆ ಹುಡುಗಿಯರ ಪಾಠಕ್ಕೆ ಹೆಡ್‌ಸೆಟ್ ಬೇರೆ ಇಡಿ. ಹಿಜಾಬ್ ಮೇಲೆ ಪಟ್ಟಿ ಜಾರುತ್ತದೆ, ಅಗಲ ಪಟ್ಟಿ ತನ್ನಿ. ಪ್ರತಿ ಸಲ ಮುಖ ತಾಗುವ ಸ್ಪಂಜು ಒರೆಸಿ. ಒಳಗಿನದನ್ನು ಟಿವಿ ಪರದೆಗೆ ತೋರಿಸುವ ಸೌಲಭ್ಯ ಇರುತ್ತದಲ್ವಾ, ಅದನ್ನು ಗುಸುಲ್ ಪಾಠದ ಹೊತ್ತಿಗೆ ಬಂದ್ ಮಾಡಿ.